ಮೂರು ಉಬ್ಬರ ತಾಳುವ ಬೇಲಿ

ನಮ್ಮೂರಿನ ಚರಿತ್ರೆಯನ್ನು ನನಗೆ ಹೇಳಿಕೊಟ್ಟವರು ವಿಟ್ಬಿಯ ಒಬ್ಬ ಅಜ್ಜ. ಊರು ಬಿಟ್ಟು ಏಳೂವರೆ ಸಾವಿರ ಕಿಲೋಮೀಟರಿಗೂ ದೂರ ಬಂದು, ಹೊನ್ನಾವರದ ಪಾಠ ಹೇಳಿಸಿಕೊಂಡೆ. ಅವತ್ತಿನಿಂದ ಎಲ್ಲೋ ಒಂದು ಮುಳ್ಳು ಮುರಿದುಕೊಂಡಿದೆ. ಬರೆದರೆ ಹೊರಗೆ ಬರಬಹುದು ಅಂತ ಕೂತಿದ್ದೇನೆ.

ವಿಟ್ಬಿ ಅಂದರೆ ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ಸಣ್ಣ ಊರು. ಎಸ್ಕ್ ಹೊಳೆ ಸಮುದ್ರ ಸೇರುವ ಜಾಗ. ಎರಡೂ ಕಡೆ ಗುಡ್ಡ, ನಡುವೆ ಬಂದರು, ಗುಡ್ಡಕ್ಕೆ ಅಂಟಿಕೊಂಡ ಕೆಂಪು ಹೆಂಚಿನ ಮನೆಗಳು. ಜನಸಂಖ್ಯೆ 13 ಸಾವಿರದ ಆಸುಪಾಸು. ಹೊನ್ನಾವರವೇ ಇದಕ್ಕಿಂತ ದೊಡ್ಡದು. ನಾನಿರುವ ಲೀಡ್ಸ್‌ನಿಂದ ಬಸ್ಸಿನಲ್ಲಿ ಮೂರು ಗಂಟೆಗೂ ಜಾಸ್ತಿ. ಹೋಗುವವರೆಲ್ಲ ಬೇಸಿಗೆಯಲ್ಲಿ ಹೋಗುತ್ತಾರೆ. ನಾನು ಹೋದದ್ದು ಫೆಬ್ರವರಿಯಲ್ಲಿ. ಆ ವಾರ ಊರು ಬಹಳ ನೆನಪಾಗಿತ್ತು, ಯಾವುದಾದರೂ ಬಂದರು ನೋಡಬೇಕು ಅನಿಸಿತ್ತು, ಅಷ್ಟೇ.

ಇಳಿದು ಸ್ವಲ್ಪ ದೂರ ನಡೆದೆನೋ ಇಲ್ಲವೋ, ಮೂಗಿಗೆ ಹೊಗೆ ಬಡಿಯಿತು. ಹೆನ್ರಿಯೆಟ್ಟಾ ಬೀದಿಯಲ್ಲಿ ಹೆರಿಂಗ್ ಮೀನಿಗೆ ಹೊಗೆ ಹಾಕುವ ಒಂದು ಗುಡಿಸಲಿನಂಥ ಮನೆ ಇದೆ. 1872ರಿಂದ ಅದೇ ಕೆಲಸ, ಅದೇ ಮನೆತನ. ಒಳಗೋಡೆ ನಮ್ಮ ಹಳೇ ಬಚ್ಚಲೊಲೆ ಗೋಡೆಯ ಹಾಗೆ ಕಪ್ಪಾಗಿ ಮಿರಮಿರ ಮಿಂಚುತ್ತದೆ. ಕಣ್ಣು ಮುಚ್ಚಿದರೆ ಹೊನ್ನಾವರದ ಪಕ್ಕದ ಮೀನುಗಾರರ ಊರು, ಕಾಸರಕೋಡ ಟೊಂಕ. ಕಣ್ಣು ತೆರೆದರೆ ಆರು ಡಿಗ್ರಿ ಚಳಿ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಜೋಡಿ ಮೀನು. ಕಾರ ಇಲ್ಲ, ಹುಳಿ ಇಲ್ಲ. ಆದರೂ ತಿಂದೆ.

ಮಳೆ ಶುರುವಾಯಿತು, ಮ್ಯೂಸಿಯಂ ಹೊಕ್ಕೆ. ಇದು ಸರ್ಕಾರದ್ದಲ್ಲ. 1823ರಲ್ಲಿ ಊರಿನವರೇ ಕಟ್ಟಿಕೊಂಡ ಒಂದು ಸಂಘ ಇವತ್ತಿಗೂ ನಡೆಸುತ್ತಿದೆ. ಒಳಗೆ ಏನಿಲ್ಲ ಹೇಳಿ. ಬಂಡೆಯಿಂದ ಬಿಡಿಸಿದ ಮೊಸಳೆಯಂಥ ಪ್ರಾಣಿಯ ಎಲುಬಿನ ಗೂಡು, ಹಡಗಿನ ಮಾದರಿಗಳು, ಜೆಟ್ ಎಂಬ ಕರೀ ಕಲ್ಲಿನ ಒಡವೆಗಳು. ಈ ಜೆಟ್ ನಿಜವಾಗಿ ಕಲ್ಲಲ್ಲ, ಕೋಟ್ಯಂತರ ವರ್ಷ ಹೂತು ಗಟ್ಟಿಯಾದ ಮರ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಸೂತಕದ ಉಡುಪಿಗೆ ಇದನ್ನೇ ತೊಟ್ಟಳು. ದೇಶದ ಹೆಂಗಸರೆಲ್ಲ ತೊಟ್ಟರು. ಒಬ್ಬ ರಾಣಿಯ ಸೂತಕದಿಂದ ಒಂದು ಊರಿನ ಒಲೆ ಹತ್ತಾರು ವರ್ಷ ಉರಿಯಿತು.

ನಾನು ನಿಂತದ್ದು ಮಾತ್ರ ಜಿಗಣೆ ಯಂತ್ರದ ಎದುರು. ಜಾರ್ಜ್ ಮೆರಿವೆದರ್ ಎಂಬ ಇಲ್ಲಿನ ಡಾಕ್ಟರು ಮಾಡಿದ್ದು. ಹನ್ನೆರಡು ಗಾಜಿನ ಬಾಟಲಿ, ದುಂಡಗೆ ಜೋಡಿಸಿದ್ದು, ಮೇಲೆ ದೇವಸ್ಥಾನದ ಕಳಸದ ಹಾಗೆ ಕುಸುರಿ, ಅದರ ನಡುವೆ ಒಂದು ಗಂಟೆ. ಪ್ರತಿ ಬಾಟಲಿಯಲ್ಲೂ ಒಂದಿಷ್ಟು ಮಳೆನೀರು, ಒಂದು ಜಿಗಣೆ. ಬಿರುಗಾಳಿ ಬರುವ ಮುಂಚೆ ಜಿಗಣೆ ಬಾಟಲಿಯ ಕತ್ತಿಗೆ ಹತ್ತುತ್ತದೆ. ಅಲ್ಲಿ ಸಿಕ್ಕಿಸಿದ ತಿಮಿಂಗಿಲದ ಎಲುಬಿನ ಚೂರು ಸರಿಯುತ್ತದೆ, ಗಂಟೆ ಹೊಡೆಯುತ್ತದೆ. ಗಂಟೆ ಜಾಸ್ತಿ ಹೊಡೆದಷ್ಟೂ ಗಾಳಿ ಖಾತ್ರಿ. ಬಾಟಲಿ ದುಂಡಗೆ ಇಟ್ಟದ್ದು ಯಾಕೆ ಗೊತ್ತಾ? ಜಿಗಣೆಗಳು ಒಂದನ್ನೊಂದು ನೋಡುತ್ತಿರಲಿ, ಪಾಪ, ಒಂಟಿ ಸೆರೆ ಅನ್ನಿಸದಿರಲಿ ಅಂತ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಟ್ಟರು. ಎಲ್ಲ ಬಂದರಿಗೂ ಇದನ್ನು ಹಾಕಿಸಿ ಅಂತ ಡಾಕ್ಟರು ಸರ್ಕಾರಕ್ಕೆ ದುಂಬಾಲು ಬಿದ್ದರು. ಸರ್ಕಾರ ಹಾಕಿಸಲಿಲ್ಲ. ಕಥೆ ಮುಗಿಯಿತು.

ಉಂಬಳ ಕಚ್ಚಿದರೆ ಸುಣ್ಣ ಹಚ್ಚುವ ಸೀಮೆಯವನು ನಾನು. ನಗು ತಡೆಯಲಿಲ್ಲ. ಪಕ್ಕದಲ್ಲಿ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಅಜ್ಜ ನಿಂತಿದ್ದರು. ಸಂಬಳವಿಲ್ಲದ ಸೇವೆ, ರಿಟೈರಾದ ಮೇಷ್ಟ್ರು. ಅವರೂ ನಕ್ಕರು. ‘ಸೋತ ಯಂತ್ರ. ಇದು ನಕಲು ಬೇರೆ. ಆದರೆ ನಮ್ಮೂರಿನವನು ಮಾಡಿದ್ದು ನೋಡಿ’ ಎಂದರು. ಆಮೇಲೆ ಕೇಳಿದರು, ‘ನಿಮ್ಮದು ಯಾವೂರು?’

‘ಇಂಡಿಯಾ.’

‘ಅದು ದೇಶ. ಊರು?’

‘ಹೊನ್ನಾವರ ಅಂತ. ಹೀಗೇ ಒಂದು ಹೊಳೆಬಾಯಿಯ ಬಂದರು.’

‘ಎಷ್ಟು ಹಳೇದು?’

‘ತುಂಬಾ ಹಳೇದು.’

‘ತುಂಬಾ ಅಂದರೆ?’

ಬಾಯಿ ಕಟ್ಟಿಹೋಯಿತು. ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ ಎಷ್ಟನೇ ಇಸವಿಯಲ್ಲಿ ಎಲ್ಲಿಗೆ ಹೊರಟ ಅಂತ ಹೈಸ್ಕೂಲಿನಲ್ಲಿ ಉರು ಹೊಡೆದವನು ನಾನು. ಆ ಕುಕ್ 1746ರಲ್ಲಿ ಕೆಲಸ ಕಲಿಯಲು ಬಂದು ಮಲಗುತ್ತಿದ್ದ ಅಟ್ಟ ಇದೇ ಊರಿನ ಗ್ರೇಪ್ ಲೇನಿನಲ್ಲಿದೆ. ಅವನ ಎಂಡೆವರ್ ಹಡಗು ಮೊದಲು ಕಲ್ಲಿದ್ದಲು ಸಾಗಿಸಲಿಕ್ಕೆ 1764ರಲ್ಲಿ ಇಲ್ಲೇ ಕಟ್ಟಿದ್ದು. ಇದೆಲ್ಲ ನನಗೆ ಗೊತ್ತು. ಶರಾವತಿ ಬಾಯಿಯಲ್ಲಿ ಹಡಗು ನಿಲ್ಲಲು ಶುರುವಾದದ್ದು ಯಾವಾಗ, ಅದು ಗೊತ್ತಿಲ್ಲ. ಅಜ್ಜ ಜೇಬಿನಿಂದ ಚೀಟಿ ತೆಗೆದು ಊರಿನ ಸ್ಪೆಲಿಂಗ್ ಕೇಳಿ ಬರೆದುಕೊಂಡರು. ಹಳೇ ನಕಾಶೆಯಲ್ಲಿ ಓನೋರ್ ಅಂತ ಇರುತ್ತದೆ ಎಂದೆ. ಅಷ್ಟಾದರೂ ಹೊಳೆಯಿತಲ್ಲ.

ಹೊರಡುವಾಗ ಅವರೇ ಹೇಳಿದರು, ‘ಮೇ ತಿಂಗಳಲ್ಲಿ ಬನ್ನಿ. ನಾವು ಬೇಲಿ ಹಾಕುತ್ತೇವೆ.’

ಬೇಲಿ ನೋಡಲು ರಜೆ ಹಾಕಿದ್ದು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆಂಡತಿಯೇ ನಗುತ್ತಿದ್ದಳು. ಏಸು ಸ್ವರ್ಗಕ್ಕೆ ಏರಿದ ಹಬ್ಬದ ಹಿಂದಿನ ದಿನ, ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಕಾರ್ಯಕ್ರಮ. ಹಾಗಾಗಿ ಮಂಗಳವಾರ ರಾತ್ರಿ ಅಲ್ಲೇ ಉಳಿಯಬೇಕಾಯಿತು. ಬೆಳಿಗ್ಗೆ ಇಳಿತದ ಹೊತ್ತು. ಹೊಳೆಯ ದಡದಲ್ಲಿ ಬರೀ ಕೆಸರು. ಇಬ್ಬರು ಮೂವರು ಬೂಟು ಹಾಕಿಕೊಂಡು ಕೆಸರಿಗೆ ಇಳಿದರು. ಗೂಟ ಹುಗಿದರು. ಹಸಿ ಕೋಲುಗಳನ್ನು ಗೂಟದ ನಡುವೆ ಒಮ್ಮೆ ಆಚೆ ಒಮ್ಮೆ ಈಚೆ ಹಾಯಿಸಿ ಹೆಣೆದರು. ಗದ್ದೆಗೆ ದನ ನುಗ್ಗದ ಹಾಗೆ ನಮ್ಮಜ್ಜ ಕಟ್ಟುತ್ತಿದ್ದ ಬೇಲಿ ಇದಕ್ಕಿಂತ ಅಂದವಾಗಿತ್ತು, ಸುಳ್ಳಲ್ಲ. ಮುಗಿದ ಮೇಲೆ ಒಬ್ಬರು ಕೊಂಬು ಊದಿದರು. ಮೂರು ಸಲ ಕೂಗಿದರು, ‘ಔಟ್ ಆನ್ ಯೀ!’ ನಮ್ಮ ಬಾಯಲ್ಲಿ ಹೇಳುವುದಾದರೆ, ‘ಥೂ ನಿಮ್ಮ ಮುಖಕ್ಕೆ!’

ಕಥೆ ಹೀಗಿದೆ. 1159ರಲ್ಲಿ ಮೂವರು ಸಾಹುಕಾರರು ಕಾಡುಹಂದಿ ಬೇಟೆಗೆ ಹೋದರು. ಹಂದಿ ಓಡಿ ಒಬ್ಬ ಸನ್ಯಾಸಿಯ ಗುಡಿ ಹೊಕ್ಕಿತು. ಸನ್ಯಾಸಿ ಬಾಗಿಲು ಹಾಕಿದ. ಇವರು ಅವನನ್ನು ಹೊಡೆದು ಕೆಡವಿದರು. ಸಾಯುವ ಮುಂಚೆ ಅವನು ಕ್ಷಮಿಸಿದ, ಆದರೆ ಒಂದು ಕರಾರು ಹಾಕಿ. ವರ್ಷವೂ ಇದೇ ದಿನ ಇವರು, ಇವರ ಮಕ್ಕಳು ಮರಿಗಳು, ಒಂದು ಪೆನ್ನಿ ಬೆಲೆಯ ಚಾಕುವಿನಲ್ಲಿ ಕಡಿದ ಕೋಲುಗಳನ್ನು ಬೆನ್ನ ಮೇಲೆ ಹೊತ್ತು ತಂದು ಇಲ್ಲಿ ಬೇಲಿ ಹಾಕಬೇಕು. ಬೇಲಿ ಮೂರು ಉಬ್ಬರ ತಾಳಬೇಕು. ತಾಳದಿದ್ದರೆ ಜಮೀನು ವಿಟ್ಬಿಯ ಕ್ರೈಸ್ತ ಮಠಕ್ಕೆ. ಕಥೆ ನಿಜವಲ್ಲ, ಇದು ಅದಕ್ಕೂ ಹಳೆಯ ಒಕ್ಕಲು ಕಟ್ಟಳೆ ಅಂತ ತಿಳಿದವರು ಹೇಳುತ್ತಾರೆ. ಇರಲಿ. ಮಠ 1539ರಲ್ಲೇ ಹೋಯಿತು. ಜಮೀನು ಕಿತ್ತುಕೊಳ್ಳುವವರು ಯಾರೂ ಉಳಿದಿಲ್ಲ. ಬೇಲಿ ಮಾತ್ರ ಹಾಕುತ್ತಲೇ ಇದ್ದಾರೆ.

ಗುಂಪಿನಲ್ಲಿ ಅಜ್ಜ ಸಿಕ್ಕರು. ನನ್ನನ್ನು ನೋಡಿದ ಕೂಡಲೇ ಕೋಟಿನ ಒಳಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಹಾಳೆ ತೆಗೆದರು. ಮೂರು ತಿಂಗಳಿಂದ ಇಟ್ಟುಕೊಂಡಿದ್ದರೋ ಏನೋ, ಅಂಚು ಸವೆದಿತ್ತು. ‘ನಿಮ್ಮೂರು ಸಿಕ್ಕಿತು’ ಅಂದರು.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಅವನ ಬಾಯಲ್ಲಿ ಅದು ಹಿನಾವರ್. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆದಿದ್ದಾನೆ. ಅರ್ಧ ಲೋಕ ಸುತ್ತಿದ ಮನುಷ್ಯ ಹೇಳಿದ ಮಾತು ಅದು. ಅಜ್ಜ 13ರ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ‘ಹುಡುಗಿಯರಿಗೆ ಹದಿಮೂರು! ಆಗ ವಿಟ್ಬಿಯಲ್ಲಿ ಒಂದೂ ಇದ್ದಿರಲಿಕ್ಕಿಲ್ಲ. ಆ ಶಾಲೆಗಳು ಯಾವ ಬೀದಿಯಲ್ಲಿದ್ದವು?’

ಯಾವ ಬೀದಿ? ಬಂದರು ರಸ್ತೆಯೋ, ಬಜಾರೋ, ಕೆಳಗಿನಪಾಳ್ಯವೋ? ಹದಿನೆಂಟು ವರ್ಷ ಆ ಊರಲ್ಲಿ ಬೆಳೆದೆ. ಒಬ್ಬ ಮೇಷ್ಟ್ರೂ ನನಗಿದನ್ನು ಹೇಳಿರಲಿಲ್ಲ. ‘ಊರಿಗೆ ಫೋನ್ ಮಾಡಿ ಕೇಳುತ್ತೇನೆ’ ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಸಿಟ್ಟು. ಯಾರ ಮೇಲೆ ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ.

199 ಮೆಟ್ಟಿಲು ಹತ್ತಿದೆ. ವಿಟ್ಬಿಯ ಪೂರ್ವದ ಗುಡ್ಡಕ್ಕೆ ಇದೇ ದಾರಿ. ಎಣಿಸಿದವರಿಗೆಲ್ಲ ಬೇರೆ ಬೇರೆ ಲೆಕ್ಕ ಸಿಗುತ್ತದಂತೆ. ನನಗೆ 197 ಸಿಕ್ಕಿತು. ನಡುನಡುವೆ ಅಗಲವಾದ ಕಟ್ಟೆಗಳಿವೆ, ಮೇಲಿನ ಚರ್ಚಿಗೆ ಹೆಣ ಹೊತ್ತವರು ಇಳಿಸಿ ಸುಧಾರಿಸಿಕೊಳ್ಳಲಿಕ್ಕೆ. ನಮ್ಮ ಘಟ್ಟದ ದಾರಿಯಲ್ಲಿ ಹೊರೆ ಇಳಿಸುವ ಕಲ್ಲುಕಟ್ಟೆ ಇರುತ್ತಿತ್ತಲ್ಲ, ಹಾಗೆ. ನಮ್ಮವು ರಸ್ತೆ ಅಗಲ ಮಾಡುವಾಗ ಹೋದವು. ಇವರದ್ದರ ಮೇಲೆ ನಾನು ಕೂತು ನೀರು ಕುಡಿದೆ.

ಮೇಲೆ ಮುರಿದ ಮಠ. 657ರಲ್ಲಿ ಇಲ್ಲಿ ಮೊದಲ ಮಠ ಕಟ್ಟಿದವಳು ಹಿಲ್ಡಾ ಎಂಬ ಹೆಂಗಸು. ಅವಳ ಕೈಕೆಳಗೆ ಗಂಡಸರೂ ಇದ್ದರು, ಹೆಂಗಸರೂ ಇದ್ದರು. 664ರಲ್ಲಿ ಇಲ್ಲೇ ಒಂದು ದೊಡ್ಡ ಪಂಚಾಯ್ತಿ ಆಯಿತು. ವಿಷಯ ಏನು ಅಂದರೆ ಈಸ್ಟರ್ ಯಾವತ್ತು ಮಾಡುವುದು ಅಂತ. ರಾಜನದ್ದು ಐರ್ಲೆಂಡಿನವರ ಲೆಕ್ಕ, ರಾಣಿಯದ್ದು ರೋಮಿನ ಲೆಕ್ಕ. ರಾಜ ಹಬ್ಬದೂಟ ಉಣ್ಣುತ್ತಿದ್ದರೆ ರಾಣಿಗೆ ಇನ್ನೂ ಉಪವಾಸ! ಮಠಕ್ಕೊಂದು ಪಂಚಾಂಗ, ಇವರಿಗೆ ಇವತ್ತು ಏಕಾದಶಿ ಅವರಿಗೆ ನಾಳೆ ಅನ್ನುವ ಜಗಳ ನೋಡಿ ಬೆಳೆದ ನನಗೆ ಬಹಳ ಖುಷಿಯಾಯಿತು. ವ್ಯತ್ಯಾಸ ಇಷ್ಟೇ. ಇವರ ಜಗಳ ಪಠ್ಯಪುಸ್ತಕ ಸೇರಿತು.

ಇದೇ ಮಠದ ದನ ಕಾಯುವವನು ಕ್ಯಾಡ್ಮನ್. ಹೆಸರು ಉಳಿದ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗ. ಅವನಿಗೆ 1898ರಲ್ಲಿ ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ. ಐರ್ಲೆಂಡಿನ ಬ್ರಾಮ್ ಸ್ಟೋಕರ್ 1890ರಲ್ಲಿ ರಜೆಗೆ ಬಂದು ತನ್ನ ರಕ್ತಪಿಶಾಚಿಯ ಕಾದಂಬರಿಗೆ ಇಲ್ಲಿನ ಲೈಬ್ರರಿಯಲ್ಲಿ ಡ್ರಾಕುಲ ಎಂಬ ಹೆಸರು ಹೆಕ್ಕಿದ. ಅದರ ಮೇಲೆ ಈ ಊರು ಇವತ್ತಿಗೂ ಟೀ ಕಪ್ಪು ಮಾರುತ್ತಿದೆ. ದನ ಕಾಯುವವನು, ರಜೆಗೆ ಬಂದವನು, ಜಿಗಣೆ ಸಾಕಿದವನು, ಯಾರನ್ನೂ ಬಿಟ್ಟಿಲ್ಲ.

ನಮ್ಮ ಕಡೆ? 54 ವರ್ಷ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದವಳು. ಇಂಥವಳು ವಿಟ್ಬಿಯಲ್ಲಿ ಹುಟ್ಟಿದ್ದರೆ ಬೀದಿಗೊಂದು ಅಂಗಡಿ ಇರುತ್ತಿತ್ತು, ಐಸ್‌ಕ್ರೀಮಿಗೂ ಮೆಣಸು ಹಾಕುತ್ತಿದ್ದರು. ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನಿಗೆ ಅವಳ ಸುದ್ದಿ ಹೇಳುವವರು ಯಾರು? 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿಯುವಾಗ ಜೊತೆಗೆ ಹಡಗು ನಡೆಸಿದ ತಿಮ್ಮೋಜ ನಮ್ಮ ಹೊಳೆಬಾಯಿಯವನು. ಒಳ್ಳೆಯದು ಮಾಡಿದನೋ ಕೆಟ್ಟದ್ದೋ, ಜಗಳವಾಡಲಿಕ್ಕಾದರೂ ನೆನಪಿರಬೇಕಲ್ವಾ? ಗೇರುಸೊಪ್ಪೆ ಕಾಡಿನೊಳಗಿನ ಚತುರ್ಮುಖ ಬಸದಿಗೆ ಶಾಲೆಯಿಂದ ಪ್ರವಾಸ ಹೋಗಿದ್ದೆವು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲಿನ ಆ ಕಲ್ಲಿನ ಚೆಲುವು ನೋಡಿ ನಾವು ಮಾಡಿದ್ದೇನು? ಅವಲಕ್ಕಿ ತಿಂದೆವು, ಇದ್ದಿಲಿನಲ್ಲಿ ಹೆಸರು ಬರೆದೆವು. ಎದೆ ಮುಟ್ಟಿ ಹೇಳುತ್ತೇನೆ, ನನ್ನ ಹೆಸರೂ ಇತ್ತು.

ಕೈಗೆ ಸಿಕ್ಕಿದರೆ ಅರಿಶಿನ ಕುಂಕುಮ ಹಚ್ಚಿ ದೇವರು ಮಾಡುತ್ತೇವೆ, ಇಲ್ಲವೇ ಕಿತ್ತು ಬಟ್ಟೆ ಒಗೆಯುವ ಕಲ್ಲು ಮಾಡುತ್ತೇವೆ. ಎರಡರ ನಡುವೆ ಸುಮ್ನೆ ಇಟ್ಟುಕೊಳ್ಳುವುದು ಅಂತ ಒಂದಿದೆ. ಅದು ನಮಗೆ ಬರುವುದಿಲ್ಲ. ಗುಡ್ಡದ ಮೇಲೆ ಕೂತು ನಾನು ಕೊಟ್ಟ ತೀರ್ಪು ಇದು. ಗಾಳಿ ಜೋರಿತ್ತು, ಹೊಟ್ಟೆ ಹಸಿದಿತ್ತು.

ಆದರೆ ಹಿಂದಿನ ರಾತ್ರಿಯದ್ದೂ ಹೇಳಬೇಕು. ಹೇಳದಿದ್ದರೆ ಮೋಸ.

ಮಂಗಳವಾರ ಸಂಜೆ ಚರ್ಚ್ ಸ್ಟ್ರೀಟಿನಲ್ಲಿ ನಡೆಯುತ್ತಿದ್ದೆ. ಕಲ್ಲು ಹಾಸಿದ ಸಂದಿ, ಪುಟ್ಟ ಪುಟ್ಟ ಓಣಿಗಳು. ಆರ್ಗ್ಯುಮೆಂಟ್ಸ್ ಯಾರ್ಡ್ ಅಂತ ಒಂದು ಓಣಿ. ಜಗಳಗಂಟರ ಓಣಿ ಅಂದುಕೊಂಡೆ. ಅಲ್ಲವಂತೆ, ಆರ್ಗ್ಯುಮೆಂಟ್ ಎಂಬುದು ಅಲ್ಲಿದ್ದ ಮನೆತನದ ಹೆಸರು. ಎಂಟು ಗಂಟೆ ಇರಬಹುದು. ಇನ್ನೂ ಬೆಳಕಿತ್ತು. ಆದರೆ ಎಷ್ಟೋ ಮನೆಗಳಲ್ಲಿ ಒಂದು ಸದ್ದಿಲ್ಲ. ಟೀವಿ ಇಲ್ಲ, ಒಗ್ಗರಣೆ ಇಲ್ಲ, ಮಗ್ಗಿ ಹೇಳುವ ಮಗು ಇಲ್ಲ. ಬಾಗಿಲ ಪಕ್ಕ ಗೋಡೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಮೇಲೆ ನಂಬರಿನ ಗುಂಡಿಗಳು. ಒಂದು ಬಾಗಿಲಿಗಲ್ಲ, ಸಾಲಾಗಿ. ಕೀಲಿಕೈ ಡಬ್ಬಿ. ಬಾಡಿಗೆಗೆ ಬರುವ ಪ್ರವಾಸಿಗರು ನಂಬರು ಒತ್ತಿ ಕೀಲಿ ತೆಗೆದುಕೊಳ್ಳುತ್ತಾರೆ. ಮನೆಗಳಿಗೆ ಚೆಂದದ ಹೆಸರುಗಳಿವೆ, ಮೀನುಗಾರನ ಮನೆ, ನಾವಿಕನ ಮನೆ ಅಂತ. ಒಳಗೆ ಮೀನುಗಾರನೂ ಇಲ್ಲ, ನಾವಿಕನೂ ಇಲ್ಲ.

ನಾನು ಉಳಿದ ಲಾಡ್ಜಿನ ಹೆಂಗಸು ಬೆಳಿಗ್ಗೆ ಟೀ ತಂದಿಡುತ್ತ ಹೇಳಿದಳು. ಅವಳು ಹುಟ್ಟಿದ್ದು ಇದೇ ಬೀದಿಯಲ್ಲಂತೆ. ಈಗ ಇರುವುದು ಊರ ಹೊರಗಿನ ಗುಡ್ಡದ ಮೇಲೆ. ಮಗ ಇನ್ನೂ ದೂರ. ‘ನನ್ನಜ್ಜಿ ಮೀನು ಕೊಯ್ಯುತ್ತಿದ್ದ ಮನೆಯಲ್ಲಿ ಒಂದು ರಾತ್ರಿ ಮಲಗಲಿಕ್ಕೆ ನನ್ನ ಎರಡು ದಿನದ ಸಂಬಳ ಬೇಕು’ ಅಂದಳು. 2022ರಲ್ಲಿ ಊರಿನವರು ಈ ಬಗ್ಗೆ ಮತ ಹಾಕಿದ್ದರು. ಹೊಸದಾಗಿ ಕಟ್ಟುವ ಮನೆಗಳು ವರ್ಷವಿಡೀ ಇಲ್ಲೇ ಇರುವವರಿಗೇ ಸಿಗಬೇಕು ಅಂತ ನೂರಕ್ಕೆ 93 ಮತ ಬಿದ್ದವು. ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ.

ಅಂದರೆ ಊರು ಉಳಿದಿದೆ. ಊರಿನವರು ಗುಡ್ಡ ಹತ್ತಿದ್ದಾರೆ.

ಇನ್ನೊಂದು. ಮಠವನ್ನು ಮುರಿದದ್ದೇನು ಪರದೇಶದವರಾ? 1539ರಲ್ಲಿ ಮುಚ್ಚಿಸಿದವನು ಅವರದೇ ರಾಜ, ಎಂಟನೇ ಹೆನ್ರಿ. ನಡುಗೋಪುರ ನೋಡಿಕೊಳ್ಳುವವರಿಲ್ಲದೆ 1830ರಲ್ಲಿ ಬಿತ್ತು. 1914ರ ಡಿಸೆಂಬರಿನಲ್ಲಿ ಜರ್ಮನ್ ಹಡಗುಗಳು ಹೊಡೆದ ಗುಂಡು ಕೊನೆಯ ಪೆಟ್ಟು ಅಷ್ಟೇ. ಮುನ್ನೂರು ವರ್ಷ ಇವರೂ ನಮ್ಮ ಹಾಗೇ ಇದ್ದವರು. ಕುಕ್ಕನ ಅಟ್ಟ ಇಟ್ಟುಕೊಳ್ಳಲಿಕ್ಕೆ ಹಣ ಎಲ್ಲೆಲ್ಲಿಂದ ಬಂತು ಅನ್ನುವ ಲೆಕ್ಕ ಬೇರೆಯೇ ಇದೆ. ಇವತ್ತು ಅದು ಬೇಡ.

ಲೀಡ್ಸ್‌ಗೆ ಮರಳಿ ಇಬ್ನ್ ಬತೂತನನ್ನು ನಾನೇ ಓದಿದೆ. ಹೊನ್ನಾವರದ ಸುಲ್ತಾನನ ಮನೆಯ ಊಟವನ್ನು ಅವನು ಕೂತು ವರ್ಣಿಸಿದ್ದಾನೆ. ಮೊದಲು ಅನ್ನ, ಮೇಲೆ ತುಪ್ಪ. ಪಕ್ಕದಲ್ಲಿ ಮೆಣಸಿನ, ಹಸಿ ಶುಂಠಿಯ, ನಿಂಬೆಯ, ಮಾವಿನ ಉಪ್ಪಿನಕಾಯಿ. ಮತ್ತೆ ಅನ್ನ. ಕೋಳಿ, ಆಮೇಲೆ ಮೀನು, ಆಮೇಲೆ ತರಕಾರಿ, ಪ್ರತಿ ಸಲವೂ ಅನ್ನ. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಅಂತ ಗೊತ್ತು ಎಂದು ಬರೆದಿದ್ದಾನೆ. ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಅನ್ನವೇ ತಿಂದೆ ಅಂತ ಗೋಳು ಬೇರೆ.

ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನಮ್ಮನೆಯ ಎಲೆಯಲ್ಲಿ ಮೊಸರನ್ನ ಕಲೆಸುವಾಗ ಇದು ಏಳುನೂರು ವರ್ಷದ ಕಟ್ಟಳೆ ಅಂತ ಯಾರೂ ಹೇಳಿರಲಿಲ್ಲ. ಇದಕ್ಕೆ ಕೊಂಬು ಊದಲಿಲ್ಲ, ಬಿಲ್ಲೆ ಸಿಕ್ಕಿಸಿಕೊಂಡು ಯಾರೂ ಕಾಯಲಿಲ್ಲ. ಕಾಸರಕೋಡಿನ ಮೀನುಗಾರರು ದೊಡ್ಡ ಬಂದರು ಬೇಡ ಎಂದು ವರ್ಷಗಟ್ಟಲೆ ಬೀದಿಯಲ್ಲಿ ಕೂತದ್ದೂ ನೆನಪಾಯಿತು. ಅವರಾದರೂ ಕೀಲಿಕೈ ಡಬ್ಬಿಗೆ ಜಾಗ ಬಿಟ್ಟು ಗುಡ್ಡ ಹತ್ತಿಲ್ಲ. ನನ್ನ ತೀರ್ಪು ಸ್ವಲ್ಪ ಅಲುಗಾಡಿತು ಎಂದು ಒಪ್ಪಿಕೊಳ್ಳುತ್ತೇನೆ. ಸ್ವಲ್ಪವೇ. ಮೊಸರನ್ನ ತಾನಾಗಿ ಉಳಿಯಿತು, 13 ಶಾಲೆ ಉಳಿಯಲಿಲ್ಲವಲ್ಲ.

ಸಿಟ್ಟು ಯಾರ ಮೇಲೆ ಅನ್ನುವುದೂ ಅಷ್ಟರಲ್ಲಿ ಗೊತ್ತಾಗಿತ್ತು. ಎಂಟು ವರ್ಷದ ಹಿಂದೆ ಚಿಕ್ಕಪ್ಪ ಫೋನ್ ಮಾಡಿದ್ದರು. ಹಳೇ ಮನೆ ಕೆಡವಿ ತಾರಸಿ ಹಾಕಿಸುವುದು ಅಂತ ತೀರ್ಮಾನವಾಗಿತ್ತು. ಮುಂಬಾಗಿಲು ಹಲಸಿನ ಮರದ್ದು, ಚೌಕಟ್ಟಿನ ಮೇಲೆ ಗಜಲಕ್ಷ್ಮಿ, ಎರಡೂ ಕಡೆ ಗಿಳಿ. ಒಂದು ಗಿಳಿಯ ಕೊಕ್ಕನ್ನು ಚಿಕ್ಕವನಿದ್ದಾಗ ನಾನೇ ಮುರಿದಿದ್ದೆ. ‘ಯಾರೋ ಕೊಳ್ಳಲಿಕ್ಕೆ ಬಂದಿದ್ದಾರೆ ತಮ್ಮಾ, ನಿನಗೆ ಬೇಕಾ, ಎತ್ತಿಡಲಾ?’ ಎಂದು ಕೇಳಿದ್ದರು. ನಾನು ಮೀಟಿಂಗಿನಲ್ಲಿದ್ದೆ. ‘ಮಾರಿಬಿಡಿ ಚಿಕ್ಕಪ್ಪ, ಯಾರು ನೋಡಿಕೊಳ್ತಾರೆ ಅದನ್ನ’ ಅಂದಿದ್ದೆ.

ಹೋದ ಭಾನುವಾರ ಅವರಿಗೆ ಫೋನ್ ಹಚ್ಚಿದೆ. ಬಾಗಿಲ ಸುದ್ದಿ ಎತ್ತುವ ಧೈರ್ಯ ಆಗಲಿಲ್ಲ. ಅಜ್ಜನಿಗೆ ಕೊಟ್ಟ ಮಾತಿತ್ತಲ್ಲ, ಅದನ್ನೇ ಕೇಳಿದೆ.

‘ಚಿಕ್ಕಪ್ಪ, ನಮ್ಮೂರಲ್ಲಿ ಹುಡುಗಿಯರ ಶಾಲೆ ಎಲ್ಲಿತ್ತು?’

‘ಶಾಲೆಯಾ?’ ಅಂದರು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ‘ಯಾಕೋ ತಮ್ಮಾ, ಯಾರಿಗೆ ಸೀಟು ಬೇಕಿತ್ತು?’